ನಾಯಿ ಬೆಕ್ಕುಗಳ ಸಂತಾನಹರಣ ಶಸ್ತ್ರಚಿಕಿತ್ಸೆ

ಗುಜರಾತಿನ ಓಣಿಗಳಲ್ಲಿ ಬೀದಿನಾಯಿ ಮರಿ ಹಾಕಿದರೆ ಅದಕ್ಕೂ ಬಾಣಂತನ ನಡೆಯುತ್ತದೆ. ಮಕ್ಕಳು ಮನೆಮನೆ ತಿರುಗಿ ಹಿಟ್ಟು, ಬೆಲ್ಲ, ತುಪ್ಪವೋ ಎಣ್ಣೆಯೋ ಕೂಡಿಸಿ ತರುತ್ತಾರೆ. ಯಾರದೋ ಮನೆಯ ಒಲೆಯ ಮೇಲೆ ಶೀರೋ ಸಿದ್ಧವಾಗುತ್ತದೆ. ಕನ್ನಡಿಗರ ಶಿರಾಕ್ಕೆ ಹತ್ತಿರದ ನೆಂಟ. ಹಳೆಯ ಗೋಣಿಚೀಲ ಹಾಸಿ ಮರಿಗಳನ್ನು ಬೆಚ್ಚಗೆ ಮಲಗಿಸಿ, ತಾಯಿಯ ಮುಂದೆ ಬಿಸಿಯಾರಿದ ಶೀರೋ ಇಡುತ್ತಾರೆ. ಅಹಮದಾಬಾದಿನ ಹಳೇ ಪೇಟೆಯ ‘ಪೋಳ’ ಎಂಬ ಓಣಿಗಳಿಂದ ಹಿಡಿದು ನಗರದ ಉತ್ತರದ ಅಂಚಿನ ಚಾಂದ್‌ಖೇಡಾದವರೆಗೆ ಈ ಕರುಣೆ ರೂಢಿಯಲ್ಲೇ ಬೆರೆತಿದೆ. ಚಾಂದ್‌ಖೇಡಾ ಒಂದು ಕಾಲಕ್ಕೆ ಹಳ್ಳಿ. ಈಗ ಅಲ್ಲಿ ಒಎನ್‌ಜಿಸಿ ಕಚೇರಿ ಇದೆ, ವಿಶ್ವಕರ್ಮ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇದೆ, ಮೊಟೇರಾ ಕ್ರೀಡಾಂಗಣ ಕೂಗಳತೆಯಲ್ಲಿದೆ, ಸಾಲುಸಾಲು ಹೌಸಿಂಗ್ ಸೊಸೈಟಿಗಳು ಎದ್ದಿವೆ. ಕಟ್ಟಡ ಏಳುವ ಕಡೆ ಮರಳಿನ ರಾಶಿ, ಕೂಲಿಕಾರರ ಶೆಡ್ಡು, ಚಹಾದಂಗಡಿ, ಕಸದ ತೊಟ್ಟಿ ಇರುತ್ತವೆ. ಬಸುರಿ ನಾಯಿ ಹುಡುಕುವುದು ಇಂಥ ಜಾಗವನ್ನೇ.

ಶೀರೋ ತಿಂದ ತಾಯಿಯ ಮರಿಗಳಲ್ಲಿ ಎಷ್ಟು ಬದುಕುತ್ತವೆ ಎಂಬುದು ಬೇರೆ ಮಾತು. ಕೋಲ್ಕತಾದ ಐಸರ್ ಸಂಸ್ಥೆಯ ಸಂಶೋಧಕರು ಪಶ್ಚಿಮ ಬಂಗಾಳದ ಬೀದಿಗಳಲ್ಲಿ 95 ಸೂಲಿನ 364 ಮರಿಗಳನ್ನು ಹುಟ್ಟಿನಿಂದ ಗಮನಿಸಿ 2016ರಲ್ಲಿ ವರದಿ ಪ್ರಕಟಿಸಿದರು. ಏಳು ತಿಂಗಳು ತುಂಬುವಷ್ಟರಲ್ಲಿ ಉಳಿದದ್ದು ನೂರಕ್ಕೆ 19 ಮಾತ್ರ. ಕಳೆದುಹೋದವುಗಳಲ್ಲಿ ನೂರಕ್ಕೆ 63ರಷ್ಟಕ್ಕೆ ಮನುಷ್ಯನೇ ನೇರವಾಗಿಯೋ ಬಳಸುದಾರಿಯಲ್ಲೋ ಕಾರಣನಾಗಿದ್ದ. ಗಾಲಿಗೆ ಸಿಕ್ಕ ಮರಿ, ಹೊಡೆತ ತಿಂದ ಮರಿ, ಮುದ್ದಿಗೆಂದು ಎತ್ತಿಕೊಂಡು ಹೋಗಿ ಸಾಕಲಾರದೆ ಬಿಟ್ಟ ಮರಿ ಎಲ್ಲವೂ ಬೀದಿಯ ನಿತ್ಯದ ನೋಟ. ಸಂತಾನಹರಣದ ಪ್ರಯೋಜನ ಎಂದೊಡನೆ ಜನ ನಾಯಿಗಳ ಎಣಿಕೆಯನ್ನು ನೆನೆಯುತ್ತಾರೆ. ಹುಟ್ಟಿ ಸಾಯುವ ಈ ಮರಿಗಳ, ಮತ್ತೆ ಮತ್ತೆ ಅವನ್ನು ಹೊತ್ತು ಸೊರಗುವ ತಾಯಿಯ ಲೆಕ್ಕ ಅದಕ್ಕಿಂತ ಮೊದಲು ಬರಬೇಕು.

ಹೆಣ್ಣು ಪ್ರಾಣಿಯ ಅಂಡಾಶಯಗಳನ್ನು, ಸಾಮಾನ್ಯವಾಗಿ ಗರ್ಭಕೋಶದ ಸಮೇತ, ತೆಗೆಯುವುದು, ಗಂಡಿನ ವೃಷಣಗಳನ್ನು ತೆಗೆಯುವುದು — ಇವೆರಡಕ್ಕೂ ಕನ್ನಡ ಪತ್ರಿಕೆಗಳು ಬಳಸುವ ಹೆಸರು ಸಂತಾನಹರಣ ಶಸ್ತ್ರಚಿಕಿತ್ಸೆ. ಬೀದಿಯ ಮಾತಿನಲ್ಲಿ ಬರೀ ‘ಆಪರೇಷನ್’. ಗಂಡಿನದು ಕನ್ನಡದ ರೈತನಿಗೆ ಹೊಸದೇನಲ್ಲ. ಬೀಜ ಒಡೆಸಿದ ಹೋರಿಯೇ ಎತ್ತು. ನೊಗಕ್ಕೆ ಕೊರಳು ಕೊಡುವ ಅದರ ಸೌಮ್ಯ ಸ್ವಭಾವದ ಮೂಲ ಅಲ್ಲಿದೆ. ಮನುಷ್ಯರ ಕುಟುಂಬ ಯೋಜನೆಯ ಆಪರೇಷನ್ನಿಗೂ ಇದಕ್ಕೂ ದೊಡ್ಡ ವ್ಯತ್ಯಾಸವಿದೆ. ಮನುಷ್ಯರಲ್ಲಿ ನಾಳವನ್ನು ಕಟ್ಟುತ್ತಾರೆ ಅಥವಾ ಕತ್ತರಿಸುತ್ತಾರೆ, ಹಾರ್ಮೋನು ಹಾಗೆಯೇ ಸ್ರವಿಸುತ್ತಿರುತ್ತದೆ. ನಾಯಿ ಬೆಕ್ಕುಗಳಲ್ಲಿ ಹಾರ್ಮೋನಿನ ಮೂಲವನ್ನೇ ತೆಗೆಯುತ್ತಾರೆ. ಬೆದೆಗೆ ಬರುವುದು, ಜಗಳ, ಅಲೆದಾಟ ನಿಲ್ಲುವುದು ಅದರಿಂದಲೇ. ಮೈ ಬರುವಂಥ ತೊಂದರೆಗಳ ಮೂಲವೂ ಅದೇ.

ಬೀದಿನಾಯಿಯ ಬಗ್ಗೆ ಅಹಮದಾಬಾದ್ ನಡೆಸಿದಷ್ಟು ಗಂಭೀರ ವಾದವನ್ನು ಭಾರತದ ಇನ್ನೊಂದು ಊರು ನಡೆಸಿರಲಿಕ್ಕಿಲ್ಲ. 1926ರಲ್ಲಿ ಗಿರಣಿ ಮಾಲೀಕ ಅಂಬಾಲಾಲ್ ಸಾರಾಭಾಯಿ ತಮ್ಮ ಗಿರಣಿಯ ಆವರಣದಲ್ಲಿ ಸುತ್ತುತ್ತಿದ್ದ 60 ನಾಯಿಗಳನ್ನು ಕೊಲ್ಲಿಸಿದರು. ಅವುಗಳಲ್ಲಿ ಹುಚ್ಚು ಹಿಡಿದವೂ ಇರಬಹುದೆಂಬ ಭಯವಿತ್ತು. ಪಾಂಜರಾಪೋಳ ಕಟ್ಟಿ ಮುದಿ ದನ, ಗಾಯಗೊಂಡ ಹಕ್ಕಿಗಳನ್ನು ಸಾಕುತ್ತಿದ್ದ ನಗರ ಕೆರಳಿತು. ವಿಚಾರ ಸಬರಮತಿ ಆಶ್ರಮದಲ್ಲಿದ್ದ ಗಾಂಧೀಜಿಯವರೆಗೆ ಹೋಯಿತು. ಅವರು ‘ನವಜೀವನ’ ಮತ್ತು ‘ಯಂಗ್ ಇಂಡಿಯಾ’ ಪತ್ರಿಕೆಗಳಲ್ಲಿ ಲೇಖನಮಾಲೆಯನ್ನೇ ಬರೆದು ಸಾರಾಭಾಯಿಯವರ ಪಕ್ಷ ನಿಂತರು. ಆ ಅವಧಿಯಲ್ಲಿ ಅಹಮದಾಬಾದಿನ ಸಿವಿಲ್ ಆಸ್ಪತ್ರೆಗೆ ನಾಯಿಕಡಿತದ ಚಿಕಿತ್ಸೆಗೆ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಮಂದಿ ಬರುತ್ತಿದ್ದರು. ಆ ಅಂಕಿಗಳನ್ನೂ ಅವರು ಮುಂದಿಟ್ಟರು. ಮನೆಯಿಲ್ಲದ ನಾಯಿಗೆ ತುತ್ತೆಸೆದು ಕೈತೊಳೆದುಕೊಳ್ಳುವುದು ದಯೆಯಲ್ಲ, ಸಾಕುವುದಾದರೆ ಹೊಣೆ ಹೊತ್ತು ಸಾಕಬೇಕು, ಒಡೆಯರಿಲ್ಲದ ನಾಯಿಗಳು ಬೀದಿ ತುಂಬುವುದು ಸಮಾಜದ ಸೋಮಾರಿತನದ ಗುರುತು ಎಂಬುದು ಅವರ ವಾದದ ತಿರುಳು. ಅಹಿಂಸೆಯ ಉಪಾಸಕ ಹೀಗೆನ್ನಬಹುದೇ ಎಂದು ಕೇಳಿ ಬಂದ ಸಿಟ್ಟಿನ ಪತ್ರಗಳಿಗೆ ಅವರು ವಾರವಾರ ಉತ್ತರಿಸಿದರು.

ಆ ವಾದವನ್ನು ಇಂದು ಓದುವವರನ್ನು ಒಂದು ಕೊರತೆ ಕಾಡುತ್ತದೆ. ಎರಡೂ ಪಕ್ಷದವರ ಕೈಯಲ್ಲಿದ್ದದ್ದು ಎರಡೇ ದಾರಿ: ಕೊಲ್ಲುವುದು, ಇಲ್ಲವೇ ಕೂಡಿಹಾಕಿ ಸಾಕುವುದು. ಮೊದಲನೆಯದನ್ನು ನಗರದ ಮನಸ್ಸು ಒಪ್ಪಲಿಲ್ಲ. ಎರಡನೆಯದಕ್ಕೆ ಬೇಕಾದ ಜಾಗ, ಹಣ ಯಾರ ಬಳಿಯೂ ಇರಲಿಲ್ಲ. ಮೂರನೆಯ ದಾರಿ ಭಾರತದ ಬೀದಿಗೆ ಬರಲು ಇನ್ನೂ ಹಲವು ದಶಕ ಬೇಕಾಯಿತು.

ಅದು ಬಂದದ್ದು ಮದರಾಸಿನಿಂದ. ಅಲ್ಲಿನ ನಗರಪಾಲಿಕೆ 1860ರಲ್ಲೇ ಬೀದಿನಾಯಿಗಳನ್ನು ಕೊಲ್ಲಲು ತೊಡಗಿತ್ತು. 1996ರ ಹೊತ್ತಿಗೆ ದಿನಕ್ಕೆ 135 ನಾಯಿಗಳನ್ನು ಕೊಲ್ಲುತ್ತಿತ್ತು. ನೂರು ವರ್ಷ ಮೀರಿದ ಈ ಕೊಲೆಯಿಂದ ನಾಯಿಗಳೂ ಕಡಿಮೆಯಾಗಲಿಲ್ಲ, ರೇಬಿಸ್ ಕೂಡ ತಗ್ಗಲಿಲ್ಲ. ಕ್ಯಾಪ್ಟನ್ ವಿ. ಸುಂದರಂ 1959ರಲ್ಲಿ ಕಟ್ಟಿದ ಬ್ಲೂ ಕ್ರಾಸ್ ಆಫ್ ಇಂಡಿಯಾ 1964ರಿಂದಲೇ ‘ಹಿಡಿದು ಆಪರೇಷನ್ ಮಾಡಿ, ಲಸಿಕೆ ಹಾಕಿ, ಹಿಡಿದಲ್ಲೇ ಬಿಡಿ’ ಎನ್ನುತ್ತ ಬಂದಿತ್ತು. ಪಾಲಿಕೆ ಕಿವಿಗೊಟ್ಟದ್ದು 1996ರಲ್ಲಿ. ಜೈಪುರದ ಹೆಲ್ಪ್ ಇನ್ ಸಫರಿಂಗ್ ಸಂಸ್ಥೆ 1994ರ ನವೆಂಬರಿನಲ್ಲಿ ಕೆಲಸ ಶುರುಮಾಡಿ, 2002ರ ಕೊನೆಯೊಳಗೆ 24,986 ನಾಯಿಗಳಿಗೆ ಆಪರೇಷನ್ ಮತ್ತು ಲಸಿಕೆ ಮುಗಿಸಿತು. ಆ ಪ್ರದೇಶದ ಹೆಣ್ಣುನಾಯಿಗಳಲ್ಲಿ ನೂರಕ್ಕೆ 65ರಷ್ಟನ್ನು ಅದು ಮುಟ್ಟಿತ್ತು. ನಾಯಿಗಳ ಸಂಖ್ಯೆ ನೂರಕ್ಕೆ 28ರಷ್ಟು ಇಳಿಯಿತು. ಕೆಲಸ ನಡೆದ ಭಾಗದಿಂದ ಸರ್ಕಾರಿ ಆಸ್ಪತ್ರೆಗೆ ಬರುವ ಮನುಷ್ಯರ ರೇಬಿಸ್ ಪ್ರಕರಣ ಸೊನ್ನೆಗೆ ತಲುಪಿತು. ಇಂಥ ಅನುಭವಗಳ ಬೆನ್ನಿಗೆ 2001ರಲ್ಲಿ ಕೇಂದ್ರ ಸರ್ಕಾರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳನ್ನು ತಂದಿತು. ‘ಎಬಿಸಿ’ ಎಂಬ ಮೂರಕ್ಷರ ಪಾಲಿಕೆಗಳ ಕಡತ ಸೇರಿದ್ದು ಆಗ.

ಅಹಮದಾಬಾದಿನ ಪಾಲು ಇಲ್ಲಿ ದೊಡ್ಡದು. ಎನಿಮಲ್ ಹೆಲ್ಪ್ ಫೌಂಡೇಷನ್ ಕಟ್ಟಿದ ರಾಹುಲ್ ಸೆಹಗಲ್ ಈ ನಗರದಲ್ಲಿ ದೊಡ್ಡ ಪ್ರಮಾಣದ ಆಪರೇಷನ್ನುಗಳ ಪದ್ಧತಿಯನ್ನು ಪಳಗಿಸಿದರು. ಮುಂದೆ ಹ್ಯೂಮೇನ್ ಸೊಸೈಟಿ ಇಂಟರ್‌ನ್ಯಾಷನಲ್ ಸೇರಿ ಅದನ್ನು ಭೂತಾನಕ್ಕೆ ಒಯ್ದರು. 2009ರಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಆ ಕೆಲಸ ಹದಿನಾಲ್ಕು ವರ್ಷ ನಡೆಯಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ನಾಯಿಗಳಿಗೆ ಆಪರೇಷನ್ ಆದಮೇಲೆ, ದೇಶದ ಬೀದಿನಾಯಿಗಳೆಲ್ಲಕ್ಕೂ ಸಂತಾನಹರಣ ಮುಗಿದಿದೆ ಎಂದು 2023ರ ಅಕ್ಟೋಬರಿನಲ್ಲಿ ಭೂತಾನ ಘೋಷಿಸಿತು. ಅದೇ ಸಂಸ್ಥೆ ವಡೋದರಾ ಪಾಲಿಕೆಯ ಜೊತೆಗೂ ಇಂಥದೇ ಕೆಲಸ ನಡೆಸಿದೆ.

ಬೀದಿನಾಯಿಯ ಆಪರೇಷನ್ ಹೇಗೆ ನಡೆಯುತ್ತದೆ ಎಂಬುದನ್ನು ನೋಡಿದವರು ಕಡಿಮೆ, ಅದಕ್ಕೇ ಅನುಮಾನಗಳು ಹೆಚ್ಚು. ಮುಂಜಾನೆ ಬಲೆ ಹಿಡಿದ ತಂಡ ಓಣಿಗೆ ಬರುತ್ತದೆ. ಹಿಡಿದ ಜಾಗವನ್ನು ಬರೆದಿಟ್ಟುಕೊಳ್ಳುತ್ತಾರೆ. ನಾಯಿಯನ್ನು ಉಪವಾಸ ಕೆಡವಿ, ಮರುದಿನ ಅರಿವಳಿಕೆ ಕೊಟ್ಟು, ಕೂದಲು ಬೋಳಿಸಿ ಶುಚಿಮಾಡುತ್ತಾರೆ. ಹೆಣ್ಣಾದರೆ ಹಲವು ಕೇಂದ್ರಗಳಲ್ಲಿ ಬಲಪಕ್ಕೆಯಲ್ಲಿ ಎರಡು ಬೆರಳಗಲದ ಸೀಳು ಹಾಕುತ್ತಾರೆ. ಹೊಟ್ಟೆಯ ಅಡಿಯಲ್ಲಿ ಕೊಯ್ದರೆ ನಾಯಿ ಮಣ್ಣಿನಲ್ಲಿ ಮಲಗಿದಾಗ ಗಾಯ ಕೊಳೆಯಾಗುತ್ತದೆ. ಪಕ್ಕೆಯ ಗಾಯ ದೂರದಿಂದಲೂ ಕಾಣುತ್ತದೆ, ಹೊಲಿಗೆ ಬಿಚ್ಚಿದರೆ ಕರುಳು ಜಾರುವ ಭಯವೂ ಕಡಿಮೆ. ತಾನೇ ಕರಗುವ ದಾರದಲ್ಲಿ ಹೊಲಿದು, ಅರಿವಳಿಕೆ ಇರುವಾಗಲೇ ಕಿವಿಯಲ್ಲೊಂದು ಕಚ್ಚು ಮಾಡಿ, ರೇಬಿಸ್ ಲಸಿಕೆ ಹಾಕುತ್ತಾರೆ. ಕೆಲವು ದಿನ ಗೂಡಿನಲ್ಲಿಟ್ಟು ನೋಡಿಕೊಂಡು, ಹಿಡಿದ ಓಣಿಗೇ ತಂದು ಬಿಡುತ್ತಾರೆ. ಕಿವಿಯ ಕಚ್ಚು ನಾಯಿಯ ಜೀವಮಾನದ ಗುರುತಿನ ಚೀಟಿ. ಅದಿದ್ದ ನಾಯಿಯನ್ನು ಯಾರೂ ಮತ್ತೆ ಮೇಜಿನ ಮೇಲೆ ಕೊಯ್ಯಲಾರರು.

ಹೆಣ್ಣುನಾಯಿಗೆ ಇದರಿಂದ ಸಿಗುವ ಲಾಭ ಮೊದಲು ಹೇಳುವಂಥದು. ಬೆದೆ ಮುಗಿದ ಕೆಲವು ವಾರಗಳಲ್ಲಿ ಗರ್ಭಕೋಶದೊಳಗೆ ಕೀವು ತುಂಬಿಕೊಳ್ಳುವ ರೋಗವೊಂದಿದೆ, ವೈದ್ಯರು ಅದನ್ನು ಪಯೋಮೆಟ್ರಾ ಎನ್ನುತ್ತಾರೆ. ನಾಯಿ ಕೊಡಗಟ್ಟಲೆ ನೀರು ಕುಡಿಯುತ್ತದೆ, ವಾಂತಿ ಮಾಡುತ್ತದೆ, ಊಟ ಬಿಡುತ್ತದೆ. ಕೀವು ಹೊರಗೆ ಹರಿಯದಿದ್ದರೆ ಮನೆಯವರಿಗೆ ತಿಳಿಯುವಷ್ಟರಲ್ಲಿ ವಿಷ ಮೈಗೇರಿರುತ್ತದೆ. ಸಾಕುನಾಯಿಗಳಿಗೆ ಆಪರೇಷನ್ ಮಾಡಿಸುವ ರೂಢಿ ಕಡಿಮೆಯಿದ್ದ ಸ್ವೀಡನ್ನಿನಲ್ಲಿ ವಿಮೆಯ ದಾಖಲೆಗಳನ್ನು ಪರಿಶೀಲಿಸಿದಾಗ, ಹತ್ತು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಹೆಣ್ಣುನಾಯಿಗೆ ಈ ರೋಗ ಬಂದದ್ದು ಕಂಡಿತು. ಗರ್ಭಕೋಶವೂ ಅಂಡಾಶಯವೂ ಇಲ್ಲದ ನಾಯಿಗೆ ಇದರ ಭಯವಿಲ್ಲ. ಮೊಲೆಗಡ್ಡೆಯದು ಇನ್ನೊಂದು ಕಥೆ. ಮೊದಲ ಬೆದೆಗೆ ಮುನ್ನ ಆಪರೇಷನ್ ಆದರೆ ಗಡ್ಡೆಯ ಅಪಾಯ ಆಪರೇಷನ್ ಆಗದ ನಾಯಿಯ ಅಪಾಯದ ಶೇ 0.5ಕ್ಕೆ ಇಳಿಯುತ್ತದೆ, ಒಂದು ಬೆದೆ ಕಳೆದರೆ ಶೇ 8, ಎರಡು ಕಳೆದರೆ ಶೇ 26 ಎಂದು 1969ರ ಅಮೆರಿಕದ ಅಧ್ಯಯನವೊಂದು ಹೇಳಿತು. ಐವತ್ತು ವರ್ಷದಿಂದ ವೈದ್ಯರ ಬಾಯಲ್ಲಿರುವುದು ಇದೇ ಅಂಕಿ. 2012ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿನೋಡಿದ ವಿಮರ್ಶಕರು, ಆಧಾರ ಅಂದುಕೊಂಡಷ್ಟು ಗಟ್ಟಿಯಿಲ್ಲ ಎಂದರು. ಹಾಗಾಗಿ ನಿಖರವಾದ ಶೇಕಡಾವನ್ನು ಬಿಗಿಹಿಡಿದು ಕೂರಬೇಕಿಲ್ಲ.

ಬೀದಿನಾಯಿಗಳನ್ನು ಕಾಡುವ ವಿಚಿತ್ರ ಕ್ಯಾನ್ಸರ್ ಒಂದಿದೆ. ಇದು ಕೂಡುವಾಗ ಒಂದು ನಾಯಿಯಿಂದ ಇನ್ನೊಂದಕ್ಕೆ ಅಂಟುತ್ತದೆ. ವೈರಸ್ ಅಲ್ಲ, ಬ್ಯಾಕ್ಟೀರಿಯಾ ಅಲ್ಲ, ಗಡ್ಡೆಯ ಜೀವಕೋಶಗಳೇ ಮೈಯಿಂದ ಮೈಗೆ ದಾಟಿ ಅಲ್ಲಿ ಬೇರೂರುತ್ತವೆ. ಹಲವು ಸಾವಿರ ವರ್ಷಗಳ ಹಿಂದೆ ಒಂದೇ ಒಂದು ನಾಯಿಯಲ್ಲಿ ಹುಟ್ಟಿದ ಆ ಕೋಶಗಳ ಸಂತತಿ ಇಂದಿಗೂ ಜಗತ್ತಿನಾದ್ಯಂತ ಬದುಕಿದೆ. ಜನನಾಂಗದಲ್ಲಿ ಹೂಕೋಸಿನಂತೆ ಬೆಳೆದು ರಕ್ತ ಸುರಿಯುವ ಈ ಗಡ್ಡೆಯನ್ನು ವಿನ್‌ಕ್ರಿಸ್ಟೀನ್ ಚುಚ್ಚುಮದ್ದು ವಾರಕ್ಕೊಮ್ಮೆಯಂತೆ ಕೆಲವು ವಾರ ಕೊಟ್ಟು ಗುಣಪಡಿಸಬಹುದು. ಆದರೆ ಬೀದಿಯ ನಾಯಿಯನ್ನು ಪ್ರತಿ ವಾರ ಹಿಡಿಯುವವರು ಯಾರು? ಕೂಡುವುದೇ ನಿಂತ ಓಣಿಯಲ್ಲಿ ಈ ಸರಪಳಿ ತುಂಡಾಗುತ್ತದೆ.

ಆಪರೇಷನ್ ಆದ ಗಂಡುನಾಯಿಗೆ ವೃಷಣದ ಗಡ್ಡೆ ಬರುವುದಿಲ್ಲ, ವಯಸ್ಸಾದ ಮೇಲೆ ಪ್ರಾಸ್ಟೇಟ್ ಊದಿ ಮಲಮೂತ್ರಕ್ಕೆ ತೊಂದರೆಯಾಗುವುದು ತಪ್ಪುತ್ತದೆ. ಬೆದೆಯ ವಾಸನೆ ಹಿಡಿದು ಗೇಟು ಹಾರಿ ಹೆದ್ದಾರಿ ದಾಟುವ ಹುಚ್ಚು ತಗ್ಗುತ್ತದೆ. ಹೆದರಿ ಕಚ್ಚುವ ನಾಯಿ ಮಾತ್ರ ಆಪರೇಷನ್ನಿನಿಂದ ಬದಲಾಗುವುದಿಲ್ಲ. ಅದಕ್ಕೆ ಬೇಕಾದದ್ದು ಬೇರೆ ಬಗೆಯ ಆರೈಕೆ. ಬೀದಿಯಲ್ಲಿ ಕಡಿತ ಕಡಿಮೆಯಾಗುವುದಕ್ಕೆ ಮುಖ್ಯ ಕಾರಣ ತಾಯಿನಾಯಿ. ಮರಿಗಳ ಹತ್ತಿರ ಸುಳಿದವರ ಮೇಲೆ ಅದು ಎರಗುತ್ತದೆ. ಜೈಪುರದಲ್ಲಿ ಆಪರೇಷನ್ ಹೆಚ್ಚಿದಂತೆ ನಾಯಿಕಡಿತ ಇಳಿದದ್ದನ್ನು 2013ರಲ್ಲಿ ಪ್ರಕಟವಾದ ಅಧ್ಯಯನ ದಾಖಲಿಸಿದೆ.

ಬೆಕ್ಕಿನ ವಿಚಾರದಲ್ಲಿ ತಡಮಾಡುವಂತಿಲ್ಲ. ಹೆಣ್ಣುಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಲ್ಲದು. ಅದರ ಅಂಡ ಬಿಡುಗಡೆಯಾಗುವುದು ಕೂಡಿದ ಮೇಲೆಯೇ, ಆದ್ದರಿಂದ ಕೂಡಿದರೆ ಬಸುರಾಗುವುದು ಬಹುಮಟ್ಟಿಗೆ ಖಚಿತ. ಎರಡು ತಿಂಗಳ ಬಸಿರು ಮುಗಿಸಿ ಮರಿಗಳಿಗೆ ಹಾಲೂಡುತ್ತಿರುವಾಗಲೇ ಮತ್ತೆ ಬಸುರಾಗುವುದೂ ಉಂಟು. ಬೆಕ್ಕಿನ ಮೊಲೆಗಡ್ಡೆಗಳಲ್ಲಿ ನೂರಕ್ಕೆ 80ರಿಂದ 90ರಷ್ಟು ಕ್ಯಾನ್ಸರೇ ಆಗಿರುತ್ತವೆ. ಆರು ತಿಂಗಳೊಳಗೆ ಆಪರೇಷನ್ ಆದ ಬೆಕ್ಕುಗಳಲ್ಲಿ ಅದರ ಅಪಾಯ ಶೇ 91ರಷ್ಟು ಕಡಿಮೆಯಿದ್ದುದನ್ನು 2005ರ ಅಧ್ಯಯನವೊಂದು ತೋರಿಸಿತು. ಗಂಡುಬೆಕ್ಕು ಗೋಡೆಗೆ ಸಿಡಿಸುವ ಮೂತ್ರದ ನಾತ, ರಾತ್ರಿಯ ಕಾದಾಟ, ಕಚ್ಚಿದ ಗಾಯ ಕೀವಾಗುವುದು, ಗಾಯದ ಮೂಲಕ ಹರಡುವ ರೋಗನಿರೋಧಕ ಶಕ್ತಿ ಕುಂದಿಸುವ ವೈರಸ್ ಎಲ್ಲವೂ ತಗ್ಗುತ್ತವೆ. ಆಪರೇಷನ್ನಿಗೆ ಹೆದರಿ ಬೆದೆ ತಡೆಯುವ ಹಾರ್ಮೋನು ಗುಳಿಗೆಯನ್ನೋ ಚುಚ್ಚುಮದ್ದನ್ನೋ ಪದೇಪದೇ ಕೊಡಿಸುವವರಿದ್ದಾರೆ. ಗರ್ಭಕೋಶದ ಕೀವು ಮತ್ತು ಮೊಲೆಗಡ್ಡೆ ಎರಡನ್ನೂ ಅದು ಕರೆದುತರುತ್ತದೆ. ಸಾಕಿದ ಜೀವಕ್ಕೆ ಹೀಗೆ ಮಾಡಬಾರದು.

ತೊಂದರೆಗಳನ್ನು ಮುಚ್ಚಿಡುವ ಅಗತ್ಯವಿಲ್ಲ. ಆಪರೇಷನ್ ಆದ ಪ್ರಾಣಿಗೆ ಬೇಕಾಗುವ ಆಹಾರ ಸುಮಾರು ಕಾಲುಭಾಗ ಕಡಿಮೆಯಾಗುತ್ತದೆ, ಹಸಿವು ಮಾತ್ರ ಕಡಿಮೆಯಾಗುವುದಿಲ್ಲ. ಮೊದಲಿನಷ್ಟೇ ಹಾಕುತ್ತಿದ್ದರೆ ಮೈ ಬರುತ್ತದೆ. ದೊಡ್ಡ ತಳಿಯ ಕೆಲವು ಹೆಣ್ಣುನಾಯಿಗಳಿಗೆ ವಯಸ್ಸಾದಂತೆ ನಿದ್ದೆಯಲ್ಲಿ ಮೂತ್ರ ಸೋರುತ್ತದೆ. ಔಷಧಿಯಿಂದ ಹತೋಟಿಗೆ ಬರುತ್ತದೆ. ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್‌ನಂಥ ತಳಿಗಳಿಗೆ ವರ್ಷ ತುಂಬುವ ಮುನ್ನ ಆಪರೇಷನ್ ಮಾಡಿಸಿದರೆ ಕೀಲಿನ ತೊಂದರೆ ಹೆಚ್ಚುವುದನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಅಧ್ಯಯನಗಳು 2013ರಿಂದ ತೋರಿಸುತ್ತ ಬಂದಿವೆ. ಆ ತಳಿಯ ನಾಯಿ ಸಾಕಿದವರು ವಯಸ್ಸಿನ ಬಗ್ಗೆ ತಮ್ಮ ಪಶುವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಒಟ್ಟಾರೆ ಆಯುಸ್ಸಿನ ಲೆಕ್ಕ ಬೇರೆ. ಜಾರ್ಜಿಯಾ ವಿಶ್ವವಿದ್ಯಾಲಯದವರು 2013ರಲ್ಲಿ 40,139 ನಾಯಿಗಳ ಸಾವಿನ ದಾಖಲೆ ನೋಡಿದರು. ಆಪರೇಷನ್ ಆಗದವುಗಳು ಸಾಯುವಾಗಿನ ಸರಾಸರಿ ವಯಸ್ಸು 7.9 ವರ್ಷ, ಆದವುಗಳದ್ದು 9.4. ಸೋಂಕು, ಅಪಘಾತದ ಸಾವುಗಳು ಕಡಿಮೆಯಾಗಿದ್ದವು, ಕೆಲವು ಬಗೆಯ ಕ್ಯಾನ್ಸರಿನ ಸಾವು ಹೆಚ್ಚಿತ್ತು.

ಒಂದು ಜೋಡಿ ನಾಯಿ ಆರು ವರ್ಷದಲ್ಲಿ 67 ಸಾವಿರ ಆಗುತ್ತದೆ ಎಂಬ ಮಾತು ಭಿತ್ತಿಪತ್ರಗಳಲ್ಲಿ ತಿರುಗುತ್ತಿರುತ್ತದೆ. ಹುಟ್ಟಿದ ಮರಿಗಳೆಲ್ಲ ಬದುಕಿ, ಎಲ್ಲ ಹೆಣ್ಣುಗಳೂ ತಪ್ಪದೆ ಮರಿ ಹಾಕಿದರೆ ಮಾತ್ರ ನಿಲ್ಲುವ ಲೆಕ್ಕ ಅದು. ಐದರಲ್ಲಿ ನಾಲ್ಕು ಮರಿ ಸಾಯುವ ಬೀದಿಗೆ ಅದು ಹೊಂದುವುದಿಲ್ಲ. ಒಳ್ಳೆಯ ಕೆಲಸಕ್ಕೆ ಸುಳ್ಳು ಅಂಕಿಯ ಊರುಗೋಲು ಬೇಡ. ಐದು ಮರಿಯಲ್ಲಿ ಒಂದು ಉಳಿದರೂ ಬೀದಿ ಖಾಲಿಯಾಗುವುದಿಲ್ಲ ಎಂಬ ನಿಜವೇ ಸಾಕು.

ಅರ್ಧ ಮಾಡಿದ ಕೆಲಸ ಇಲ್ಲಿ ಅರ್ಧ ಫಲ ಕೊಡುವುದಿಲ್ಲ. ಒಂದು ಪ್ರದೇಶದ ನಾಯಿಗಳಲ್ಲಿ ಹತ್ತಕ್ಕೆ ಏಳನ್ನು ಒಂದೆರಡು ವರ್ಷದೊಳಗೆ ಮುಗಿಸಿ, ಮುಂದೆ ಬಿಡದೆ ಕಾಯ್ದುಕೊಂಡರೆ ಸಂಖ್ಯೆ ಇಳಿಯತೊಡಗುತ್ತದೆ. ನಗರದ ಎಂಟು ದಿಕ್ಕಿಗೆ ಚದುರಿ ಅಲ್ಲೊಂದು ಇಲ್ಲೊಂದು ಹಿಡಿದರೆ ಉಳಿದವು ಮರಿ ಹಾಕಿ ಜಾಗ ತುಂಬುತ್ತವೆ. ಬೆಂಗಳೂರಿನ ಅಂಕಿಗಳು ಇದನ್ನು ಅರಿಯಲು ನೆರವಾಗುತ್ತವೆ. ಬಿಬಿಎಂಪಿಯ 2019ರ ಸಮೀಕ್ಷೆಯಲ್ಲಿ 3.10 ಲಕ್ಷ ಬೀದಿನಾಯಿಗಳಿದ್ದವು, ಆಪರೇಷನ್ ಆದವು ಶೇ 51.16. 2023ರಲ್ಲಿ ನಾಯಿಗಳು 2.79 ಲಕ್ಷಕ್ಕೆ ಇಳಿದವು, ಆಪರೇಷನ್ ಆದವು ಶೇ 71.85ಕ್ಕೆ ಏರಿದವು. ರೇಬಿಸ್ ತಡೆಯುವುದು ಲಸಿಕೆಯೇ ಹೊರತು ಆಪರೇಷನ್ನಲ್ಲ. ಆದರೆ ಪ್ರತಿ ಚಳಿಗಾಲಕ್ಕೂ ಲಸಿಕೆಯಿಲ್ಲದ ಹೊಸ ಮರಿಗಳ ದಂಡು ಬರುತ್ತಿದ್ದರೆ ಹಾಕಿದ ಲಸಿಕೆಯ ಪಾಲು ಕರಗುತ್ತಲೇ ಹೋಗುತ್ತದೆ. ಹುಟ್ಟು ನಿಂತಾಗ ಆ ಪಾಲು ಕರಗದೆ ಉಳಿಯುತ್ತದೆ. ಕಸವೂ ಲೆಕ್ಕಕ್ಕೆ ಬರಬೇಕು. 1994ರ ಪ್ಲೇಗಿನ ಬಳಿಕ ಸೂರತ್ ನಗರ, ಆಯುಕ್ತ ಎಸ್. ಆರ್. ರಾವ್ ಅವರ ಕಾಲದಲ್ಲಿ, ಬೀದಿಯ ಕಸಕ್ಕೆ ಕೈಹಾಕಿ ದೇಶಕ್ಕೆ ಮಾದರಿಯಾಯಿತು. ತಿನ್ನಲು ಸಿಗುವ ಕಸ ಎಷ್ಟೋ ಅಷ್ಟು ನಾಯಿಗಳನ್ನು ಬೀದಿ ಸಾಕುತ್ತದೆ ಎಂಬುದನ್ನು ಪಾಲಿಕೆಗಳು ಮರೆಯಬಾರದು.

2001ರ ನಿಯಮಗಳ ಜಾಗಕ್ಕೆ 2023ರ ಮಾರ್ಚ್ 10ರಂದು ಹೊಸ ನಿಯಮಗಳು ಬಂದವು. ನಾಯಿಗಳಿಗೆ ಊಟ ಹಾಕುವ ಜಾಗ ಗೊತ್ತುಮಾಡುವ ಹೊಣೆ ಈಗ ನಿವಾಸಿಗಳ ಸಂಘಗಳ ಮೇಲಿದೆ. ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು, ರೇಬಿಸ್ ತಗುಲಿದ ಮತ್ತು ಆಕ್ರಮಣಕಾರಿ ನಾಯಿಗಳನ್ನು ಬಿಟ್ಟು ಉಳಿದವನ್ನು ಆಪರೇಷನ್, ಲಸಿಕೆ ಮುಗಿಸಿ ಹಿಡಿದಲ್ಲಿಗೇ ಬಿಡಬೇಕೆಂದಿತು. ಅದೇ ವರ್ಷ ನವೆಂಬರ್ 7ರಂದು ಶಾಲೆ ಕಾಲೇಜು, ಆಸ್ಪತ್ರೆ, ಕ್ರೀಡಾಂಗಣ, ಬಸ್ ಮತ್ತು ರೈಲು ನಿಲ್ದಾಣಗಳಿಂದ ಹಿಡಿದ ನಾಯಿಗಳನ್ನು ಅಲ್ಲಿಗೆ ಮರಳಿ ಬಿಡಕೂಡದು, ಆಶ್ರಯಗಳಿಗೆ ಸೇರಿಸಬೇಕು ಎಂದು ಆದೇಶಿಸಿತು. ಕಾಲೇಜು ಆವರಣ, ಕ್ರೀಡಾಂಗಣ ಎರಡನ್ನೂ ಮಗ್ಗುಲಲ್ಲಿ ಇಟ್ಟುಕೊಂಡ ಚಾಂದ್‌ಖೇಡಾದಂಥ ಕಡೆ ಈ ಆದೇಶದ ಭಾರ ದೊಡ್ಡದು. 1926ರಲ್ಲಿ ಪಾಂಜರಾಪೋಳಗಳ ಮುಂದಿದ್ದ ಜಾಗದ ಪ್ರಶ್ನೆ ಈಗ ಪಾಲಿಕೆಯ ಮುಂದೆ ಬಂದಿದೆ. ಸಾಕುನಾಯಿಗಳ ಮಟ್ಟಿಗೆ ಅಹಮದಾಬಾದ್ ಪಾಲಿಕೆ 2025ರ ಜನವರಿಯಿಂದ ನೋಂದಣಿಯನ್ನು ಕಡ್ಡಾಯ ಮಾಡಿದೆ. ಗಾಂಧೀಜಿ ಕೇಳಿದ್ದ ‘ಒಡೆಯರು ಯಾರು’ ಎಂಬ ಪ್ರಶ್ನೆಗೆ ಕಾಗದದ ಮೇಲಾದರೂ ಉತ್ತರ ಸಿಗತೊಡಗಿದೆ.

ಭಾರತದ ಬೀದಿನಾಯಿಗಳು ವರ್ಷವಿಡೀ ಸಮನಾಗಿ ಮರಿ ಹಾಕುವುದಿಲ್ಲ. ಹೆಚ್ಚಿನವು ಮಳೆಗಾಲದ ಕೊನೆಗೆ ಬೆದೆಗೆ ಬಂದು, ಸುಮಾರು 63 ದಿನ ಹೊತ್ತು, ಚಳಿಗಾಲದಲ್ಲಿ ಈಯುತ್ತವೆ. ಶೀರೋ ಮಾಡುವ ಕಾಲವೂ ಅದೇ. ಹಾಲುಣ್ಣುವ ಮರಿಗಳಿರುವ ತಾಯಿಯನ್ನು ಆಗ ಹಿಡಿದೊಯ್ಯುವಂತಿಲ್ಲ, ಮರಿಗಳು ಹಾಲು ಬಿಡುವವರೆಗೆ ಕಾಯಬೇಕು. ಆದ್ದರಿಂದ ಒಂದು ಸೊಸೈಟಿ ತನ್ನ ಗೇಟಿನ ನಾಯಿಗಳಿಗೆ ಆಪರೇಷನ್ ಆಗಬೇಕೆಂದುಕೊಂಡರೆ, ಕಿವಿಯಲ್ಲಿ ಕಚ್ಚಿಲ್ಲದ ಹೆಣ್ಣುನಾಯಿಗಳ ಪಟ್ಟಿ ಮಾಡಿ ಪಾಲಿಕೆಗೆ ಬರೆಯಬೇಕಾದದ್ದು ಬೇಸಿಗೆಯಲ್ಲಿ, ಮೊದಲ ಮಳೆ ಬೀಳುವ ಮುಂಚೆ.